ಗೋಡೆಗೆ ನೇತುಹಾಕಿದ್ದು

ಕೆಲಸಕ್ಕೆ ಕೂರುವ ಮುಂಚೆ ಅವರು ಎರಡೂ ಕೈಯ ಗಾಜಿನ ಬಳೆಗಳನ್ನು ಮೊಣಕೈಯತ್ತ ಸರಿಸಿ, ಕೆಳಗೆ ಜಾರದಂತೆ ಒಂದೊಂದು ರಬ್ಬರ್ ಬ್ಯಾಂಡ್ ಹಾಕಿಕೊಳ್ಳುತ್ತಿದ್ದರು. ಹೋಟೆಲಿನಿಂದ ಪಾರ್ಸೆಲ್ ಬಂದ ಚಟ್ನಿ ಪೊಟ್ಟಣದಿಂದ ಬಿಚ್ಚಿಟ್ಟುಕೊಂಡ ರಬ್ಬರ್ ಬ್ಯಾಂಡ್ ಅದು. ಬಲಗೈ ಹೆಬ್ಬೆರಳಿನ ಮೇಲೆ ಸದಾ ಒಣಗಿದ ಅಂಟಿನ ಪೊರೆ ಇರುತ್ತಿತ್ತು. ಮಾತಾಡುತ್ತಲೇ ಅದನ್ನು ಈರುಳ್ಳಿಯ ಒಳಸಿಪ್ಪೆಯ ಹಾಗೆ ಸುಲಿದು, ಉಂಡೆ ಮಾಡಿ, ಕಿಟಕಿಯಾಚೆ ಎಸೆಯುತ್ತಿದ್ದರು. ಅವರು ಏನನ್ನಾದರೂ ಎಸೆದದ್ದನ್ನು ನಾನು ಕಂಡಿದ್ದರೆ ಅದೊಂದೇ.

ತುಮಕೂರಿನ ಶೆಟ್ಟಿಹಳ್ಳಿಯಲ್ಲಿ ಅವರ ಮನೆಯ ಮಹಡಿಯ ಮೇಲೆ ನಾವು ಬಾಡಿಗೆಗಿದ್ದೆವು. ಅಪ್ಪ, ಅಮ್ಮ, ನಾನು, ಮೂರೇ ಜನ. ಕೆಳಗೆ ಅವರೂ ಅವರ ಯಜಮಾನರೂ. ನಮಗೆ ಅವರು ಓನರ್ ಆಂಟಿ. ಅಮ್ಮನೂ ಹಾಗೇ ಕರೆಯುತ್ತಿದ್ದಳು, ಬೀದಿಯಲ್ಲಿ ಅರ್ಧ ಜನ ಹಾಗೇ ಕರೆಯುತ್ತಿದ್ದರು. ನಮ್ಮ ಬೀದಿಗೆ ಗುಜರಿಯವನು ಬಂದರೆ ಅವರ ಗೇಟಿನ ಮುಂದೆ ಮಾತ್ರ ಸೈಕಲ್ ಜೋರಾಗಿ ತುಳಿಯುತ್ತಿದ್ದ. "ಬೇರೆ ಮನೆಯೋರು ಅವ್ನಿಗೆ ಹಳೇ ಸಾಮಾನು ಕೊಡ್ತಾರೆ. ಇವ್ಳು ಅವ್ನ ಚೀಲಕ್ಕೇ ಕೈ ಹಾಕ್ತಾಳೆ," ಎಂದು ಅಂಕಲ್ ಗೇಟಿಗೆ ಒರಗಿ ಹೇಳುತ್ತಿದ್ದರು. ಆಂಟಿ ಒಳಗಿನಿಂದಲೇ, ನಿಮ್ಮನ್ನ ಇಟ್ಕೊಂಡಿಲ್ವಾ ಇಷ್ಟು ವರ್ಷ, ಅನ್ನುತ್ತಿದ್ದರು.

ಸವೆದ ಟೀ ಜರಡಿಗಳಿಂದ ದೀಪದ ಗೂಡು, ಒಡೆದ ನೀರಿನ ಕ್ಯಾನಿನಿಂದ ಮನಿಪ್ಲಾಂಟಿನ ಕುಂಡ, ಸಡಿಲವಾದ ಕುಕ್ಕರ್ ಗ್ಯಾಸ್ಕೆಟ್ಟಿಗೆ ಸೀರೆಯ ಅಂಚು ಸುತ್ತಿ ಬಿಸಿ ಪಾತ್ರೆ ಇಡುವ ಸಿಂಬಿ, ಮದುವೆಯ ಕರೆಯೋಲೆಗಳಿಂದ ಒಡವೆಯ ಡಬ್ಬಿ. ಬೇಕಾದದ್ದನ್ನು ಮಾಡುವಾಗಲೂ ಅವರಿಗೆ ಅದು ಚೆಂದ ಕಾಣಲೇಬೇಕು. ಒಂದು ಮಣಿ, ಒಂದು ಕುಚ್ಚು, ಒಂದು ಚೂರು ಜರಿ ಸೇರದೆ ಯಾವುದೂ ಅವರ ಕೈ ಬಿಟ್ಟು ಹೊರಡುತ್ತಿರಲಿಲ್ಲ. "ಬಿಸಾಕೋ ಮುಂಚೆ ಒಂದ್ಸಲ ಅದುನ್ನೇ ಕೇಳ್ಬೇಕು ಕಣೇ, ಇನ್ನೂ ಏನಾದ್ರೂ ಮಾಡ್ತೀಯೇನಪ್ಪ ಅಂತ," ಎಂದು ನನಗೆ ಹೇಳುತ್ತಿದ್ದರು.

ಅವರಿಗೊಂದು ಅಭ್ಯಾಸವಿತ್ತು. ಮಾಡಿದ್ದನ್ನು ಯಾರಿಗಾದರೂ ಕೊಡುವಾಗ ಮೊದಲು ಅದರ ಹುಟ್ಟು ಬೆಳವಣಿಗೆ ಹೇಳಬೇಕು. ಈ ಬಟ್ಟೆ ಯಾರ ಸೀರೆ, ಆ ಸೀರೆ ಯಾವ ಮದುವೆಯಲ್ಲಿ ಬಂತು, ಇಲಿ ಕಡಿದದ್ದು ಹೇಗೆ, ಎಲ್ಲ ಮುಗಿದ ಮೇಲೆ ಕೊನೆಗೆ, ಅದು ಯಾತಕ್ಕೆ ಎಂಬುದು. ನಾವು ಆ ಕೊನೆಯವರೆಗೆ ಕಾಯುತ್ತಿದ್ದುದು ಕಡಿಮೆ.

ಸತ್ಯ ಹೇಳಬೇಕೆಂದರೆ ಅವರು ಕೊಟ್ಟದ್ದು ಯಾವುದೂ ನಮಗೆ ಬೇಕಿರಲಿಲ್ಲ. ಅಮ್ಮನಿಗೆ ಮನೆ ಅಂಗಡಿಯಿಂದ ತಂದ ಹಾಗೆ ಹೊಸದಾಗಿ ಕಾಣಬೇಕು. ಬಾಡಿಗೆಯವರೆಂದರೆ ಊರವರು ಎಸೆದದ್ದು ಸಾಕೇ ಎಂಬ ಕೊರಗೂ ಒಳಗೆ ಇತ್ತು. ಆದರೆ ಓನರ್ ಕೊಟ್ಟದ್ದನ್ನು ಬೇಡವೆನ್ನುವುದು ಹೇಗೆ? ಆಂಟಿ ಪ್ರತಿ ತಿಂಗಳು ಐದನೇ ತಾರೀಕು ಸಂಜೆ ಬಾಡಿಗೆಗೆ ಮೇಲೆ ಬಂದು, ಒಂದು ಗಳಿಗೆ ಕೂತು ಹೋಗುತ್ತಿದ್ದರು. ಆ ಸಂಜೆಯ ಮಟ್ಟಿಗೆ ಅವರು ಕೊಟ್ಟದ್ದೆಲ್ಲ ಅಡುಗೆಮನೆಯ ಸಜ್ಜಾದಿಂದ ಕೆಳಗಿಳಿಯುತ್ತಿತ್ತು. ಕುಂಡ ಕಿಟಕಿಗೆ, ತೋರಣ ಬಾಗಿಲಿಗೆ, ಸಿಂಬಿಗಳು ಗಾಜಿನ ಬೀರುವಿಗೆ. ಅವರು ಮೆಟ್ಟಿಲಿಳಿದ ಮೇಲೆ ಮತ್ತೆ ಸಜ್ಜಾಕ್ಕೆ. ಯಾವುದನ್ನೂ ಮರೆಯಬಾರದೆಂದು ಕೊಟ್ಟದ್ದರ ಪಟ್ಟಿಯನ್ನು ನನ್ನ ಡೈರಿಯ ಕೊನೆಯ ಪುಟದಲ್ಲಿ ಬರೆದಿಟ್ಟಿದ್ದವಳು ನಾನು. ಒಂದೊಂದರ ಮುಂದೆ ಎಲ್ಲಿಡಬೇಕು ಎಂದೂ ಬರೆದಿದ್ದೆ. ನನಗೆ ಎಲ್ಲವೂ ಅಚ್ಚುಕಟ್ಟಾಗಿರಬೇಕು. ಆ ವಂಚನೆಯನ್ನೂ ಅಚ್ಚುಕಟ್ಟಾಗಿಯೇ ಮಾಡಿದೆ.

ಅಪ್ಪ ಬಿದ್ದದ್ದು ನಾನು ಸತ್ಯಮಂಗಲದ ಒಂದು ಸಣ್ಣ ಕಾರ್ಖಾನೆಯಲ್ಲಿ ಲೆಕ್ಕ ಬರೆಯುವ ಕೆಲಸಕ್ಕೆ ಸೇರಿದ ವರ್ಷ. ಕುಣಿಗಲ್‌ನಿಂದ ಸ್ಕೂಟರಿನಲ್ಲಿ ಬರುವಾಗ ನಾಯಿ ಅಡ್ಡ ಬಂದು ಬಿದ್ದರು. ಸೊಂಟದ ಮೂಳೆ ಮುರಿದಿತ್ತು. ಆಪರೇಷನ್ ಆಗಿ ಮನೆಗೆ ಕರೆತಂದ ಮೇಲೆ ನಿಜವಾದ ಕಷ್ಟ ಶುರುವಾಯಿತು. ಅಪ್ಪ ದೊಡ್ಡ ಆಳು, ಅಮ್ಮ ಸಣಕಲಿ. ಎಬ್ಬಿಸಿ ಕೂರಿಸಬೇಕಾದರೆ ಅವಳು ಮಂಚದ ಮೇಲೆ ಬಾಗಿ, ಅವರ ಕೈಗಳನ್ನು ತನ್ನ ಕುತ್ತಿಗೆಗೆ ಹಾಕಿಸಿಕೊಂಡು, ಹಲ್ಲು ಕಚ್ಚಿ ಮೇಲೆತ್ತುತ್ತಿದ್ದಳು. ಊಟಕ್ಕೆ, ಮಾತ್ರೆಗೆ, ಮೈ ಒರೆಸಲಿಕ್ಕೆ, ದಿನಕ್ಕೆ ಎಷ್ಟೋ ಸಲ. ನಾನು ಬೆಳಿಗ್ಗೆ ಹೋದರೆ ಕತ್ತಲಾದ ಮೇಲೆ ಬರುವವಳು.

ಆ ತಿಂಗಳ ಮೊದಲಲ್ಲೇ, ನಾನು ಬಸ್ಸಿಗೆ ಓಡುವ ಹೊತ್ತಿನಲ್ಲಿ, ಆಂಟಿ ಮೆಟ್ಟಿಲ ಕೆಳಗೆ ನನ್ನನ್ನು ಹಿಡಿದು ನಿಲ್ಲಿಸಿದರು. ಕೈಯಲ್ಲಿ ಹೊಸದೊಂದು ಇತ್ತು. ಹಳೆಯ ಮಂಚದ ನವಾರದ ಪಟ್ಟಿಗಳನ್ನು ಜಡೆಯ ಹಾಗೆ ಹೆಣೆದ ಎರಡು ಉದ್ದನೆಯ ಎಳೆ. ನಡುನಡುವೆ ಲಟ್ಟಣಿಗೆ ಕೊಯ್ದು ಮಾಡಿದ ಮರದ ತುಂಡುಗಳು, ಒಂದೊಂದಕ್ಕೂ ಕೆಂಪು ರೇಷ್ಮೆಯಂಚು ಸುತ್ತಿತ್ತು. ತುದಿಯಲ್ಲಿ ಒಂದು ಗೊಂಚಲು ಗೆಜ್ಜೆ.

"ಇದು ಅಪ್ಪಂಗೆ ಕಣೇ," ಎಂದರು. "ಮೊದ್ಲು ಕೇಳಿಲ್ಲಿ, ಈ ನವಾರ ಎಲ್ಲೀದು ಗೊತ್ತಾ? ನಮ್ಮತ್ತೆ ಮಂಚದ್ದು."

ಅತ್ತೆಯ ಕಥೆ ಶುರುವಾದರೆ ಬಸ್ಸು ತಪ್ಪುವುದು ಖಚಿತ. ಸಂಜೆ ಕೇಳ್ತೀನಿ ಆಂಟಿ, ತುಂಬಾ ಚೆನ್ನಾಗಿದೆ ಎಂದು ಕಸಿದುಕೊಂಡವಳಂತೆ ತೆಗೆದುಕೊಂಡು, ಮೇಲೆ ಓಡಿ ಅಮ್ಮನ ಕೈಗೆ ಕೊಟ್ಟು, ಹೊರಟುಹೋದೆ. ಸಂಜೆ ಕೇಳಲಿಲ್ಲ. ಅಪ್ಪನಿಗೆ ಅಂದರೆ ಅಪ್ಪನ ಕೋಣೆಗೆ ಎಂದುಕೊಂಡು ಮಂಚದ ಪಕ್ಕದ ಗೋಡೆಯ ಮೊಳೆಗೆ ನೇತುಹಾಕಿದೆ. ಉದ್ದ ಜಾಸ್ತಿಯಾಯಿತೆಂದು ಮೇಲೆ ಒಂದು ಮಡಿಕೆ ಮಡಿಸಿದೆ. ರಾತ್ರಿ ಫ್ಯಾನಿನ ಗಾಳಿಗೆ ಗೆಜ್ಜೆ ಸದ್ದು ಮಾಡಿ ಅಪ್ಪನಿಗೆ ನಿದ್ದೆ ಬರಲಿಲ್ಲ. ನಾನೇ ಎದ್ದು ನೀಲಿ ದಾರದಿಂದ ಗೆಜ್ಜೆಗಳನ್ನು ಒಂದಕ್ಕೊಂದು ಬಿಗಿದು ಕಟ್ಟಿದೆ.

ಐದನೇ ತಾರೀಕು ಆಂಟಿ ಬಂದಾಗ ಅಮ್ಮ ಅಪ್ಪನನ್ನು ಎತ್ತಿ ಕೂರಿಸುತ್ತಿದ್ದಳು. ಆಂಟಿ ಬಾಗಿಲಲ್ಲೇ ನಿಂತರು. ಅಮ್ಮನ ಬಾಗಿದ ಬೆನ್ನು ನೋಡಿದರು, ಗೋಡೆ ನೋಡಿದರು, ಮತ್ತೆ ಅಮ್ಮನನ್ನು ನೋಡಿದರು. ಏನೋ ಹೇಳಲು ಬಾಯಿ ತೆರೆದರು. ಮೆಚ್ಚುಗೆಯ ಮಾತು ತಡವಾಯಿತೇನೋ ಎಂದು ನಾನೇ ಮುಂದಾದೆ.

"ಎಷ್ಟ್ ಚೆನ್ನಾಗ್ ಕಾಣ್ತಿದೆ ನೋಡಿ ಆಂಟಿ. ಅಪ್ಪನ್ನ ನೋಡೋಕೆ ಬಂದೋರೆಲ್ಲ ಇದುನ್ನೇ ಕೇಳ್ತಾರೆ, ಎಲ್ಲಿ ತಗೊಂಡ್ರಿ ಅಂತ."

ಯಾರೂ ಕೇಳಿರಲಿಲ್ಲ.

"ಹೌದಾ?" ಎಂದರು ಆಂಟಿ. ಗೋಡೆಯತ್ತ ಇನ್ನೊಮ್ಮೆ ನೋಡಿ, "ಕಾಣ್ತೈತೆ ಬುಡು," ಎಂದರು. ಆ ದಿನ ಅವರು ಕೂರಲಿಲ್ಲ. ರಾತ್ರಿ ನಾನು ಎಂದಿನಂತೆ ಪಟ್ಟಿಯ ಪ್ರಕಾರ ಎಲ್ಲವನ್ನೂ ಸಜ್ಜಾಕ್ಕೆ ಏರಿಸಿದೆ. ಅದನ್ನೂ.

ಮರುದಿನ ಬೆಳಿಗ್ಗೆ, ಇನ್ನೂ ಹಾಲು ಕಾಯಿಸಿರಲಿಲ್ಲ, ಆಂಟಿ ಮತ್ತೆ ಬಂದರು. ಅವರು ಹಾಗೆ ಹೇಳದೆ ಬರುವವರಲ್ಲ. ನೇರವಾಗಿ ಅಪ್ಪನ ಕೋಣೆಗೆ ನಡೆದು ಬರಿಯ ಮೊಳೆಯನ್ನು ನೋಡಿದರು. ತಿರುಗಿ ನಡುಮನೆಯ ಕಿಟಕಿ ನೋಡಿದರು, ಅಲ್ಲಿ ಕುಂಡವಿರಲಿಲ್ಲ. ಬಾಗಿಲಿಗೆ ತೋರಣವಿರಲಿಲ್ಲ. ಅಮ್ಮ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ, ಧೂಳು ಹೊಡೆಯೋಕೆ ತೆಗೆದಿದ್ವಿ ಎಂದಳು. ಆಂಟಿ ಬಳೆಗಳನ್ನು ಮೇಲೆ ಸರಿಸಿಕೊಂಡು ಮಂಚದ ಆ ಬದಿಗೆ ಹೋಗಿ, "ಒಂದ್ ಕಡೆ ನಾನ್ ಹಿಡ್ಕೋತೀನಿ, ನೀನೊಬ್ಳೇ ಎತ್ತಬ್ಯಾಡ ಕಣಮ್ಮ," ಎಂದರು.

ಅವತ್ತಿನಿಂದ ಅಪ್ಪ ವಾಕರ್ ಹಿಡಿದು ನಿಲ್ಲುವವರೆಗೆ ದಿನಾ ಬೆಳಿಗ್ಗೆ ಬಂದರು. ಅರವತ್ತು ದಾಟಿದ್ದ ಹೆಂಗಸು, ಮಂಡಿನೋವು ಬೇರೆ. ಕಂಬಿ ಹಿಡಿದು ಒಂದೊಂದೇ ಮೆಟ್ಟಿಲು ಹತ್ತಿ ಬಂದು, ಅಪ್ಪನನ್ನು ಎತ್ತಿ ಕೂರಿಸಿ, ಹಾಗೇ ಇಳಿದು ಹೋಗುತ್ತಿದ್ದರು. ಮಿಕ್ಕ ಹೊತ್ತಿನಲ್ಲಿ ಅಮ್ಮ ಒಬ್ಬಳೇ ಎತ್ತಿದಳು. ಅದಾದ ಮೇಲೆ ಆಂಟಿ ನಮಗೆ ಏನನ್ನೂ ಮಾಡಿಕೊಡಲಿಲ್ಲ. ಅದನ್ನು ನಾವು ಗಮನಿಸಿದೆವು, ಮತ್ತು ನಿರಾಳವಾದೆವು. ಡೈರಿಯ ಆ ಪಟ್ಟಿಯ ಕೆಳಗೆ ನಾನು ಒಂದು ಗೆರೆ ಎಳೆದಿದ್ದೇನೆ. ಮುಗಿಯಿತು ಎನ್ನುವ ಗೆರೆ.

ಅಪ್ಪ ಎದ್ದರು. ಅಮ್ಮ ಬಿದ್ದಳು ಅನ್ನಬೇಕು. ಅವಳ ಸೊಂಟ ಹಿಡಿದುಕೊಂಡದ್ದು ಬಿಡಲಿಲ್ಲ. ಡಾಕ್ಟರು ಬೆಲ್ಟ್ ಕೊಟ್ಟು, ಮಹಡಿ ಹತ್ತಬೇಡಿ ಎಂದರು. ಕ್ಯಾತ್ಸಂದ್ರದಲ್ಲಿ ಕೆಳಮನೆಯೊಂದನ್ನು ನೋಡಿ ಶೆಟ್ಟಿಹಳ್ಳಿ ಬಿಟ್ಟೆವು. ಸಾಮಾನು ಕಟ್ಟುವಾಗ ಸಜ್ಜಾದ ಮೇಲಿನದನ್ನು ಹಾಗೇ ಬಿಟ್ಟು ಬಂದೆವು. ಮರೆತು ಅಲ್ಲ. ನಾನೇ ಸ್ಟೂಲು ಹತ್ತಿ ನೋಡಿ, ಇಳಿದೆ.

ಒಂದೂವರೆ ವರ್ಷದ ನಂತರ ಅಂಕಲ್ ಫೋನ್ ಮಾಡಿದರು. ಆಂಟಿಗೆ ಕಿಡ್ನಿಯ ತೊಂದರೆ, ಗುಬ್ಬಿಯಲ್ಲಿ ಮಗಳ ಮನೆಯಲ್ಲಿದ್ದೇವೆ, ನಿನ್ನನ್ನು ಆಗಾಗ ಕೇಳುತ್ತಾಳೆ ಎಂದರು. ಭಾನುವಾರ ಮೂಸಂಬಿ ತೆಗೆದುಕೊಂಡು ಒಬ್ಬಳೇ ಹೋದೆ. ಆಂಟಿ ಕಿಟಕಿಯ ಕೆಳಗೆ ಮಲಗಿದ್ದರು. ಕೈಗಳು ಬತ್ತಿಹೋಗಿದ್ದವು, ಬಳೆ ಒಂದೊಂದೇ ಇತ್ತು. ನನ್ನನ್ನು ಕಂಡು, ಇರು ಏಳ್ತೀನಿ ಎಂದರು. ನಾನು ಹಿಡಿಯಲು ಮುಂದೆ ಹೋದರೆ ಬೇಡವೆಂದು ಕೈಯಾಡಿಸಿದರು.

ಹೊದಿಕೆಯ ಮೇಲಿಂದ ಏನನ್ನೋ ಎಳೆದುಕೊಂಡರು. ಮಂಚದ ಕಾಲ್ದೆಸೆಯ ಪಟ್ಟಿಗೆ ಕಟ್ಟಿದ್ದ ನವಾರದ ಜಡೆ. ಮೊದಲ ಮರದ ತುಂಡನ್ನು ಹಿಡಿದರು, ತಲೆ ದಿಂಬಿನಿಂದ ಎದ್ದಿತು. ಎರಡನೆಯದನ್ನು ಹಿಡಿದರು, ಭುಜ ಎದ್ದಿತು. ಮೂರನೆಯದಕ್ಕೆ ಕೈ ಹೋಗುವ ಹೊತ್ತಿಗೆ ನೆಟ್ಟಗೆ ಕೂತಿದ್ದರು. ಒಂದೆರಡು ಗೆಜ್ಜೆ ಸದ್ದು ಮಾಡಿದವು. ಅಡುಗೆಮನೆಯಿಂದ ಮಗಳು, "ಎದ್ಯೇನಮ್ಮಾ? ಬಂದೆ ಇರು," ಎಂದಳು. ಉಳಿದ ಗೆಜ್ಜೆಗಳು ನನ್ನ ನೀಲಿ ದಾರದಲ್ಲಿ ಇನ್ನೂ ಬಿಗಿದುಕೊಂಡಿದ್ದವು.

ನನಗೆ ಕೂರಲಾಗಲಿಲ್ಲ, ನಿಂತೇ ಇದ್ದೆ. ಆಂಟಿ ನನ್ನ ಕಣ್ಣು ಎಲ್ಲಿದೆ ಎಂದು ನೋಡಿದರು.

"ನಮ್ಮತ್ತೆ ನಾಕ್ ವರ್ಷ ಹಿಂಗೇ ಎದ್ದು ಕೂತವ್ರೆ," ಎಂದರು. "ನಿಮ್ಮಪ್ಪಂಗೂ ಆಗ್ತಿತ್ತು."

ಯಾಕೆ ಹೇಳಲಿಲ್ಲ ಆಂಟಿ ಎಂದೆ.

"ಹೇಳೋಕೇ ಬಂದಿದ್ದೆ ಕಣೇ, ಮಾರನೇ ದಿನ. ಬಂದು ನೋಡಿದ್ರೆ ಗೋಡೆ ಬೋಳು. ಆಗ ಗೊತ್ತಾಯ್ತು, ನಾನ್ ಕೊಟ್ಟಿದ್ದು ಒಂದೂ ನಿಮ್ಗೆ ಬ್ಯಾಡ್ವಾಗಿತ್ತು ಅಂತ. ಬ್ಯಾಡ ಅಂದೋರಿಗೆ ಹೆಂಗೆ ಹೇಳೋದು, ಇದುನ್ನ ಕಟ್ಕೊಳಿ ಅಂತ? ನಂಗೇ ನಾಚ್ಕೆ ಆಗೋಯ್ತು." ಉಸಿರು ತೆಗೆದುಕೊಂಡರು. "ಅದಲ್ದೆ, ಬಂದೋರೆಲ್ಲ ಕೇಳ್ತಾರೆ ಅಂತ ನೀನು ಅಷ್ಟು ಚೆನ್ನಾಗ್ ಸುಳ್ ಹೇಳಿದ್ಯಲ್ಲ. ಅದುನ್ನ ಹೆಂಗ್ ಒಡೆಯೋದು?"

ಎಂದು ನಕ್ಕರು. ನನಗೆ ನಗು ಬರಲಿಲ್ಲ. ಕ್ಷಮಿಸಿ ಎಂದೆ. ಅವರು, "ಇನ್ನೂ ಡೈರಿ ಬರೀತೀಯೇನೇ? ಬರ್ಕೋ. ಓನರ್ ಆಂಟಿ ಬ್ಯಾಡದ್ದೆಲ್ಲ ತಂದು ತುಂಬಿ ನಮ್ಗೆ ಕಾಟ ಕೊಡೋಳು ಅಂತ," ಎಂದರು. ಮಗಳು ತಂದ ಕಾಫಿಯನ್ನು ನನಗೇ ಮೊದಲು ಕೊಡಿಸಿದರು.

ಆ ದಿನದ ಪುಟದಲ್ಲಿ ಬಸ್ಸು ಹತ್ತಿದ ಹೊತ್ತು, ಇಳಿದ ಹೊತ್ತು, ಮೂಸಂಬಿ ಎಷ್ಟು ಕೆಜಿ, ಇಷ್ಟೇ ಇದೆ. ಮಿಕ್ಕದ್ದನ್ನು ಬರೆಯಲಿಲ್ಲ. ಅಮ್ಮನಿಗೂ ಹೇಳಲಿಲ್ಲ. ಸೊಂಟಕ್ಕೆ ಬೆಲ್ಟ್ ಬಿಗಿದುಕೊಂಡು, ಗೋಡೆ ಹಿಡಿದು ಏಳುವ ಅಮ್ಮನ ಮುಂದೆ ನಿಂತು ಅದನ್ನು ಹೇಳುವುದು ಹೇಗೆಂದು ತಿಳಿಯಲಿಲ್ಲ.

ದಸರಾ ಕಳೆದು ಸ್ವಲ್ಪ ದಿನಕ್ಕೆ ಆಂಟಿ ಹೋದರು. ಸೊಂಟ ಇದ್ದಂತಿರಲಿ, ತಾನೂ ಬರಲೇಬೇಕು ಎಂದು ಅಮ್ಮ ಹಟ ಮಾಡಿದಳು. ಗುಬ್ಬಿಯ ಮನೆಯಲ್ಲಿ ನೆಲದ ಮೇಲೆ ಕೂರಲಾಗದೆ ಕೊನೆಯವರೆಗೆ ಬಾಗಿಲಿಗೆ ಒರಗಿ ನಿಂತಿದ್ದಳು. ಅಂಕಲ್ ಅವಳನ್ನು ನೋಡಿ, ಕುರ್ಚಿ ತರ್ರೋ ಯಾರಾದ್ರೂ, ಅವ್ರಿಗೆ ಸೊಂಟ ಸರಿಯಿಲ್ಲ, ಎಂದರು. ಆ ಹೊತ್ತಿನಲ್ಲೂ ಅವರಿಗೆ ಅದು ನೆನಪಿತ್ತು.

ವಾಪಸು ಬರುವಾಗ ಗುಬ್ಬಿ ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಅಮ್ಮನನ್ನು ಕೂರಿಸಿ, ಎಲ್ಲವನ್ನೂ ಹೇಳಿದೆ. ಅದು ಯಾತಕ್ಕೆ ಮಾಡಿದ್ದು, ಆಂಟಿ ಮಾರನೇ ದಿನ ಯಾಕೆ ಬಂದಿದ್ದರು, ಗೆಜ್ಜೆ ಯಾಕಿತ್ತು. ಬೈಯುತ್ತಾಳೆ ಎಂದು ಕಾದೆ, ಬೈದಿದ್ದರೆ ಒಳ್ಳೆಯದಿತ್ತು. ಅಮ್ಮ ತನ್ನ ಕೈಚೀಲದ ಹಿಡಿಯನ್ನು ತಿರುಚುತ್ತ ಕೂತಳು.

"ದಿನಾ ಬರೋರು ಕಣೇ," ಎಂದಳು ಆಮೇಲೆ. "ಒಂದಿನ ಕೂತ್ಕೊಳಿ ಅನ್ಲಿಲ್ಲ ನಾನು. ಒಂದ್ ಲೋಟ ಕಾಫಿ ಕೊಡ್ಲಿಲ್ಲ. ಕೂತ್ರೆ ಎಲ್ಲಿ ಗೋಡೆ ಕಡೆ ನೋಡ್ತಾರೋ ಅಂತ, ಅಪ್ಪನ್ನ ಎತ್ತಿದ ತಕ್ಷಣ ಬಾಗ್ಲು ತಂಕ ಕಳಿಸ್ಬಿಡ್ತಿದ್ದೆ."

ತುಮಕೂರಿನ ಬಸ್ಸು ಬಂತು. ಅಮ್ಮನನ್ನು ಏಳಿಸಲು ಅವಳ ಕಂಕುಳಿಗೆ ಕೈ ಕೊಟ್ಟೆ. ಅವಳು ಏಳಲಿಲ್ಲ. ಮುಂದಿನ ಬಸ್ಸಿಗೆ ಹೋಗೋಣ ಎಂದಳು. ಇಬ್ಬರೂ ಅಲ್ಲೇ, ಒಬ್ಬರ ಮುಖ ಒಬ್ಬರು ನೋಡದೆ, ಕೂತಿದ್ದೆವು.