ಗಬ್ಬದ ಕುದುರೆಯ ಮೇಲೆ ಮದುಮಗ

ತಮ್ಮನ ಮದುವೆ ಅಮೆರಿಕದ ಎಡಿಸನ್ ಎಂಬ ಊರಿನ ಒಂದು ಹೋಟೆಲಿನಲ್ಲಿ ನಡೆಯಿತು. ಹುಡುಗಿ ಗುಜರಾತಿ. ಮದುಮಗ ಕುದುರೆ ಏರಿ ಬರುವುದು ಮೈಸೂರಿನ ನಮ್ಮ ಮನೆತನದಲ್ಲಿ ಇಲ್ಲದ ಪದ್ಧತಿ. ಹುಡುಗಿಯ ಕಡೆಯವರಿಗೆ ಆ ಬರಾತ್ ಮೆರವಣಿಗೆ ಬೇಕಿತ್ತು, ತಮ್ಮನಿಗೂ ಒಳಗೊಳಗೇ ಆಸೆ. ಅಲ್ಲೇ ಮಾನ್ಮತ್ ಜಂಕ್ಷನ್ ಎಂಬ ಊರಿನ ಹತ್ತಿರ ಕುದುರೆ ಸಾಕಿಕೊಂಡಿದ್ದ, ಐರಿಷ್ ಮೂಲದ ಒಬ್ಬ ವಯಸ್ಸಾದ ಹೆಂಗಸನ್ನು ಹುಡುಕಿ ಗೊತ್ತು ಮಾಡಿದವಳು ನಾನೇ.

ಮದುವೆಯ ದಿನ ಬೆಳಿಗ್ಗೆ ಆಕೆ ಫೋನ್ ಮಾಡಿದರು. ಬರಬೇಕಿದ್ದ ಗಂಡು ಕುದುರೆ ಕುಂಟುತ್ತಿದೆ, ಉಳಿದಿರುವುದು ಬಿಳಿಯ ಹೆಣ್ಣು ಕುದುರೆ, ಅದು ಗಬ್ಬವಾಗಿದೆ, ಕರೆತರಲು ಮನಸ್ಸಿಲ್ಲ ಎಂದರು.

"ಪರವಾಗಿಲ್ಲ ಬಿಡಿ, ಅವನು ಕಾರಿನಲ್ಲಿ ಬರ್ತಾನೆ" ಅಂದೆ.

ಪಕ್ಕದಲ್ಲಿದ್ದ ಚಿಕ್ಕಪ್ಪ ಫೋನ್ ಕಸಿದುಕೊಂಡರು. ಬೀಗರ ಮುಂದೆ ಮರ್ಯಾದೆ ಪ್ರಶ್ನೆ, ಗೇಟಿನಿಂದ ಹೋಟೆಲ್ ಬಾಗಿಲ ತನಕ ಒಂದೇ ಸುತ್ತು ಸಾಕು ಎಂದು ಹಟ ಹಿಡಿದರು. ಆಕೆ ಕೊನೆಗೆ ಒಪ್ಪಿದರು.

ನಾನು ಪಾರ್ಕಿಂಗ್ ಲಾಟಿಗೆ ಹೋದಾಗ ಕುದುರೆ ಸಾಗಿಸುವ ಟ್ರೇಲರಿನ ನೆರಳಲ್ಲಿ ಆಕೆ ಕುದುರೆಯ ಮೈ ಉಜ್ಜುತ್ತಿದ್ದರು. ಗಾಳಿಯೇ ಇರಲಿಲ್ಲ. ಡಾಂಬರಿನಿಂದ ಕಾವು ಏಳುತ್ತಿತ್ತು. ಕುದುರೆ ಕಿವಿಗಳನ್ನು ಹಿಂದಕ್ಕೆ ಒತ್ತಿಕೊಂಡು ನಿಂತಿತ್ತು.

"ನಮ್ಮ ಹಿಂದಿನವರ ಕಾಲದಲ್ಲಿ ಒಂದು ಕಡೆ ರಾಜನಿಗೆ ಪಟ್ಟ ಕಟ್ಟುವಾಗ ಬಿಳಿ ಹೆಣ್ಣು ಕುದುರೆಯ ಜೊತೆ ಮದುವೆ ಮಾಡಿಸುತ್ತಿದ್ದರಂತೆ" ಎಂದರು ಆಕೆ. "ಕುದುರೆ ಅಂದರೆ ಆ ನೆಲದ ದೇವಿ. ಮದುವೆಯಾದ ಮೇಲೆ ಅದನ್ನೇ ಕಡಿದು ಬೇಯಿಸಿ, ಆ ನೀರಿನಲ್ಲಿ ರಾಜ ಮೀಯುತ್ತಿದ್ದನಂತೆ. ಯಾರೋ ಪಾದ್ರಿ ಬರೆದಿಟ್ಟದ್ದು. ನಿಜವೋ ಸುಳ್ಳೋ."

ಆಕೆ ಬ್ರಷ್ಷನ್ನು ಕುದುರೆಯ ಹೊಟ್ಟೆಯ ಹತ್ತಿರ ಮೆಲ್ಲಗೆ ಆಡಿಸುತ್ತ ಇನ್ನೊಂದು ಕಥೆ ಹೇಳಿದರು. ಹೆಂಡತಿ ಸತ್ತ ಒಬ್ಬ ರೈತನ ಮನೆಗೆ ಎಲ್ಲಿಂದಲೋ ಒಬ್ಬ ಹೆಂಗಸು ಬಂದು ಸೇರಿಕೊಂಡಳು. ಗಾಳಿಯ ಹಾಗೆ ಓಡುವವಳು. ನನ್ನ ವಿಷಯ ಹೊರಗೆ ಆಡಬೇಡ ಅಂತ ಗಂಡನಿಗೆ ಹೇಳಿದ್ದಳು. ಅವನು ರಾಜನ ಕುದುರೆಗಳ ಪಂದ್ಯ ನೋಡುತ್ತ, ನನ್ನ ಹೆಂಡತಿ ಇವುಗಳಿಗಿಂತ ಜೋರಾಗಿ ಓಡುತ್ತಾಳೆ ಎಂದುಬಿಟ್ಟ. ರಾಜ ಅವಳನ್ನು ಎಳೆದು ತರಿಸಿದ. ಅವಳು ತುಂಬಿದ ಬಸುರಿ. ಹೆರಿಗೆಯಾಗುವ ತನಕ ಬಿಡಿ, ನಿಮ್ಮನ್ನೂ ಒಬ್ಬ ತಾಯಿ ಹೆತ್ತಿದ್ದಾಳೆ ಎಂದು ಜನರನ್ನೆಲ್ಲ ಬೇಡಿಕೊಂಡಳು. ಒಬ್ಬರೂ ಬಾಯಿ ಬಿಡಲಿಲ್ಲ. ಅವಳು ಓಡಿದಳು, ಗೆದ್ದಳು, ಗೆರೆ ದಾಟಿ ಬಿದ್ದು ಅಲ್ಲೇ ಅವಳಿ ಮಕ್ಕಳನ್ನು ಹೆತ್ತಳು.

"ಆಮೇಲೆ?"

"ಶಾಪ ಕೊಟ್ಟಳು. ಶತ್ರು ಬಾಗಿಲಿಗೆ ಬಂದಾಗ ಆ ನಾಡಿನ ಗಂಡಸರಿಗೆಲ್ಲ ಹೆರಿಗೆ ನೋವು ಬರುತ್ತಿತ್ತು."

ಅಷ್ಟರಲ್ಲಿ ತಮ್ಮ ಬಂದು ಕುದುರೆ ಏರಿದ. ಧೋಲು ಬಡಿಯುವವರು ಹತ್ತಿರ ಬರಬಾರದು ಎಂದು ಆಕೆ ಮೊದಲೇ ಹೇಳಿದ್ದರು. ಬಾಗಿಲ ತನಕ ಎಲ್ಲ ಸರಿಯಾಗಿಯೇ ಹೋಯಿತು. ಆಕೆ ಇನ್ನು ಸಾಕು ಎಂದು ಕೈ ಎತ್ತಿದಾಗ ಹುಡುಗರು "ಒನ್ ಮೋರ್ ರೌಂಡ್" ಎಂದು ಕೂಗತೊಡಗಿದರು.

"ಐದು ನಿಮಿಷ ಮೇಡಂ, ಮದುವೆ ದಿನ" ಎನ್ನುತ್ತ ಚಿಕ್ಕಪ್ಪ ಲಗಾಮಿಗೆ ಕೈ ಹಾಕಿ ಕುದುರೆಯನ್ನು ತಿರುಗಿಸಿಬಿಟ್ಟರು. ಧೋಲು ಕುದುರೆಯ ತಲೆಯ ಪಕ್ಕದಲ್ಲೇ ಮೊಳಗಿತು.

ನಾನು "ಇಳಿಯೋ!" ಎಂದು ಕಿರುಚಿದೆ. ಮುಖದ ಮುಂದೆ ಇಳಿಬಿಟ್ಟ ಹೂವಿನ ಎಳೆಗಳ ಹಿಂದಿನಿಂದ ತಮ್ಮ ನಕ್ಕು ಕೈ ಬೀಸಿದ. ಅವನಿಗೆ ಕೇಳಿಸಿರಲಿಲ್ಲ.

ಕುದುರೆಯ ಕತ್ತಿನಲ್ಲಿ ನೊರೆಯಂಥ ಬೆವರು. ಅರ್ಧ ಸುತ್ತಿಗೆ ಅದರ ಮುಂಗಾಲು ಮಡಚಿತು. ತಮ್ಮ ಜಾರಿ ಇಳಿದ. ಧೋಲು ನಿಂತಿತು. ಆಕೆ ಯಾರ ಮುಖವನ್ನೂ ನೋಡದೆ, ಕುದುರೆಯನ್ನು ಮೆಲ್ಲಗೆ ಎಬ್ಬಿಸಿ ಟ್ರೇಲರಿನ ಕಡೆ ನಡೆಸಿಕೊಂಡು ಹೋದರು. ಒಳಗೆ ಪುರೋಹಿತರು ಕರೆಯುತ್ತಿದ್ದರು. ನಾವೆಲ್ಲ ಒಳಗೆ ಹೋದೆವು.

ಆ ವಾರ ಫೋನ್ ಮಾಡಿ ವಿಚಾರಿಸಿದೆ. ಕುದುರೆ ಕಂದು ಹಾಕಿತ್ತು, ಮರಿ ಉಳಿದಿರಲಿಲ್ಲ. ಬೇರೆ ಕಾರಣವೂ ಇದ್ದಿರಬಹುದು ಎಂದು ಪಶುವೈದ್ಯರು ಹೇಳಿದರಂತೆ. ಆಕೆ ನನ್ನನ್ನು ಬೈಯಲಿಲ್ಲ. ಇನ್ನು ಮದುವೆಗಳಿಗೆ ಕುದುರೆ ಕೊಡುವುದಿಲ್ಲ ಎಂದಷ್ಟೇ ಹೇಳಿ ಫೋನ್ ಇಟ್ಟರು. ವಿಷಯವನ್ನು ತಮ್ಮನಿಗೆ ತಿಳಿಸಿದೆ. ಕುದುರೆ ಗಬ್ಬವಾಗಿತ್ತು ಎಂದಷ್ಟೇ ಗೊತ್ತಿದ್ದ ಹೆಂಡತಿಗೆ ಅವನು ಇದನ್ನು ಹೇಳಲಿಲ್ಲ.

ಮಾರನೆಯ ವರ್ಷ ಅವಳ ಸೀಮಂತ. ಕೈತುಂಬ ಹಸಿರು ಬಳೆ ತೊಟ್ಟು ಕೂತಿದ್ದವಳು ಇದ್ದಕ್ಕಿದ್ದಂತೆ ನನ್ನನ್ನು ಇಂಗ್ಲಿಷಿನಲ್ಲಿ ಕೇಳಿದಳು: "ಅಕ್ಕಾ, ಆ ಕುದುರೆಗೂ ಮರಿ ಆಗಿರಬೇಕಲ್ಲ? ಫೋಟೋ ಇದೆಯಾ?"

ತಮ್ಮ ಎದ್ದು ಹೊರಗೆ ಹೋದ. ಅವನು ಹೋದ ರೀತಿ ನೋಡಿಯೇ ಅವಳಿಗೆ ಏನೋ ಹೊಳೆಯಿತು. ಚಿಕ್ಕಪ್ಪ ಲಗಾಮು ಹಿಡಿದು ತಿರುಗಿಸಿದ್ದನ್ನೂ ನಾನು ಮುಚ್ಚಿಡಲಿಲ್ಲ. ಅವಳು ಎರಡೂ ಕೈಗಳನ್ನು ಹೊಟ್ಟೆಯ ಮೇಲಿಟ್ಟುಕೊಂಡಳು.

"ಅಷ್ಟು ಜನರಲ್ಲಿ ಯಾರೂ ತಡೆಯಲಿಲ್ಲವಾ?" ಎಂದಳು ಆಮೇಲೆ.

ಅಲ್ಲಿಂದ ಹೆರಿಗೆಯ ತನಕ ನಾವ್ಯಾರೂ ನೆಮ್ಮದಿಯಾಗಿ ಉಸಿರಾಡಲಿಲ್ಲ. ಹೆಣ್ಣು ಮಗು ಆರೋಗ್ಯವಾಗಿಯೇ ಹುಟ್ಟಿತು. ಈಗ ಅಂಬೆಗಾಲಿಡುತ್ತಿದೆ. ಚಿಕ್ಕಪ್ಪ ಬಂದಾಗಲೆಲ್ಲ ಎತ್ತಿಕೊಳ್ಳಲು ಕೈ ಚಾಚುತ್ತಾರೆ. ತಮ್ಮನ ಹೆಂಡತಿ ನಗುತ್ತಲೇ ಮಗುವನ್ನು ಒಳಗೆ ಎತ್ತಿಕೊಂಡು ಹೋಗುತ್ತಾಳೆ.