ರಾಜಾರಾಮ ಮಾಸ್ತರನ ಡಿ ಡ್ರೈವ್

ಪಾಲಬಾವಿಯ ನಮ್ಮ ಶಾಲೆಯಲ್ಲಿ ರಾಜಾರಾಮನಷ್ಟು ಅಂಜುಬುರುಕ ಮಾಸ್ತರ ಇನ್ನೊಬ್ಬನಿರಲಿಲ್ಲ. ಮನೆಗೆ ಬೀಗ ಹಾಕಿ ಹತ್ತು ಹೆಜ್ಜೆ ನಡೆದವನು ತಿರುಗಿ ಬಂದು ಬೀಗ ಎಳೆದು ನೋಡುತ್ತಿದ್ದ. ರಾಯಬಾಗದ ಬಸ್ಸಿಳಿದು ಎರಡು ದಿನವಾದರೂ ಟಿಕೆಟ್ಟು ಜೇಬಿನಲ್ಲೇ ಇರುತ್ತಿತ್ತು. ನಾನು ಪಾರಿಸ, ಅದೇ ಶಾಲೆಯ ಗಣಿತದ ಮಾಸ್ತರ. ಹದಿನೆಂಟು ವರ್ಷ ಅವನ ಅಂಜಿಕೆಯನ್ನು ಚೇಷ್ಟೆ ಮಾಡಿದೆ. ಅವನ ಅಂಜಿಕೆಯೇ ಸರಿ, ನನ್ನ ಧೈರ್ಯವೇ ತಪ್ಪು ಎಂದು ಗೊತ್ತಾಗುವ ಹೊತ್ತಿಗೆ ತಡವಾಗಿತ್ತು.

ಅವನ ಮನೆಯಲ್ಲೊಂದು ಕಂಪ್ಯೂಟರ್ ಇತ್ತು. ಅದರೊಳಗೆ ಬೆಲೆಯುಳ್ಳದ್ದು ಒಂದೇ: ವಂಶಾವಳಿ. ನಮ್ಮ ಕಡೆ ಒಕ್ಕಲುತನದ ಮನೆಗಳಿಗೆ ಹೆಳವರು ಎತ್ತಿನ ಮೇಲೆ ಬಂದು, ಏಳು ತಲೆಮಾರಿನ ಹೆಸರು ಹೇಳಿ, ಕಾಳು ಪಡೆದು ಹೋಗುತ್ತಾರೆ. ರಾಜಾರಾಮನ ಓಣಿಗೆ ಯಾವ ಹೆಳವನೂ ಕಾಲಿಟ್ಟಿರಲಿಲ್ಲ. ಅವನ ಅಪ್ಪನ ಕಾಲದಲ್ಲಿ ಬೌದ್ಧರಾದ ಆ ಮನೆಗಳ ಹಿರಿಯರ ಹೆಸರು ಯಾವ ಕಾಗದದಲ್ಲೂ ಇರಲಿಲ್ಲ. ಅದಕ್ಕೇ ಇವನು ೨೦೦೭ರಿಂದ ರವಿವಾರಕ್ಕೊಮ್ಮೆ ಬಸ್ಸು ಹಿಡಿದು ಅಥಣಿ, ಉಗಾರ, ಕಾಗವಾಡ ಎಂದು ಸುತ್ತಿದ. ಮುದುಕ ಮುದುಕಿಯರ ಮುಂದೆ ಕೂತು ವಹಿಯಲ್ಲಿ ಬರೆದುಕೊಂಡ. ಹನ್ನೊಂದು ಊರು, ಮುನ್ನೂರಕ್ಕೂ ಮಿಕ್ಕಿ ಮನೆತನ. ಎಲ್ಲವನ್ನೂ ಕಂಪ್ಯೂಟರಿಗೆ ಏರಿಸಿದ ಮೇಲೆ, ಗೆದ್ದಲು ಹಿಡಿದ ವಹಿಗಳನ್ನು ಅವನ ಹೆಂಡತಿ ಶುಭಾಂಗಿ ನೀರೊಲೆಗೆ ಹಾಕಿದಳು. ಹೆಸರು ಹೇಳಿದವರಲ್ಲಿ ಅರ್ಧಕ್ಕರ್ಧ ಜನ ಆಗಲೇ ತೀರಿಕೊಂಡಿದ್ದರು.

ಅಚ್ಚು ಹಾಕಿಸು ಎಂದರೆ, “ಇನ್ನೊಂದ ಮನೆತನ ಉಳದೈತ್ರಿ ಸರ” ಎನ್ನುತ್ತಿದ್ದ. ಪೆನ್‌ಡ್ರೈವಿನಲ್ಲಾದರೂ ಒಂದು ಪ್ರತಿ ಇಡು ಎಂದರೆ ವೈರಸ್ಸಿನ ಹೆದರಿಕೆ. ಅವನ ಭರವಸೆಯೆಲ್ಲ ಡಿ ಡ್ರೈವಿನ ಮೇಲೆ. ನಮ್ಮ ಕಡೆಯ ಅಂಗಡಿಯವರು ಡಿಸ್ಕನ್ನು ಸಿ ಮತ್ತು ಡಿ ಎಂದು ಎರಡು ಪಾಲು ಮಾಡಿಯೇ ಕಂಪ್ಯೂಟರ್ ಕೊಡುತ್ತಾರೆ. ವಿಂಡೋಸ್ ಸಿಯಲ್ಲಿ, ನಿಮ್ಮ ಸಾಮಾನು ಡಿಯಲ್ಲಿ. ವೈರಸ್ ಹೊಕ್ಕಾಗ ಸಿಯನ್ನು ತೊಳೆದು ಹೊಸ ವಿಂಡೋಸ್ ಹಾಕುತ್ತಾರೆ. ಡಿಯ ಕೂದಲೂ ಕೊಂಕುವುದಿಲ್ಲ. ರಾಜಾರಾಮನ ಡಿ ಹೀಗೆ ಹನ್ನೆರಡು ಸಲ ಬದುಕಿ ಉಳಿದಿತ್ತು.

೨೦೧೪ರಲ್ಲಿ ಅವನ ಹಳೆಯ ವಿಂಡೋಸನ್ನು ಅದರ ಕಂಪನಿಯೇ ಕೈಬಿಟ್ಟಿತು. ಇವನದು ಮೊದಲೇ ಕಳ್ಳ ಪ್ರತಿ. ಪರದೆ ಕಪ್ಪಾಗಿ ‘ಇದು ಅಸಲಿಯಲ್ಲ’ ಎಂಬ ಸೂಚನೆ ಬಂದಾಗಲೆಲ್ಲ ಬಾಗಿಲಿಗೆ ಪೊಲೀಸರೇ ಬಂದಷ್ಟು ಬೆವರುತ್ತಿದ್ದ. ಅದೇ ದಿನಗಳಲ್ಲಿ ನಾನು ಅಥಣಿಯಲ್ಲಿ ಎರಡು ದಿನದ ತರಬೇತಿ ಮುಗಿಸಿ ವಿಂಡೋಸಿನ ಬದಲಿಗೆ ಹಾಕುವ ಲಿನಕ್ಸಿನ ಸಿಡಿ ತಂದಿದ್ದೆ. ಪುಕ್ಕಟೆಯದು, ಯಾರು ಬೇಕಾದರೂ ಹಾಕಿಕೊಳ್ಳಬಹುದು, ಮಂದಿಗೆ ಹಂಚಬಹುದು, ಕಳವಲ್ಲ, ವೈರಸ್ಸಿನ ಕಾಟವೂ ಕಡಿಮೆ. ಅಲ್ಪ ವಿದ್ಯಾ ಮಹಾ ಗರ್ವಿ ಎನ್ನುವುದು ನನ್ನಂಥವನನ್ನು ನೋಡಿಯೇ ಹುಟ್ಟಿರಬೇಕು. ಮೂರು ವಾರ ಬೆನ್ನು ಬಿದ್ದು ಅವನನ್ನು ಒಪ್ಪಿಸಿದೆ.

ರವಿವಾರ ಮುಂಜಾನೆ ಕೂತೆವು.

“ನಡಕ ಕರೆಂಟ ಹೋದ್ರ ಏನ್ರಿ ಅಣ್ಣಾರ?” ಎಂದಳು ಶುಭಾಂಗಿ.

ನಮ್ಮೆಲ್ಲರ ಅಂಜಿಕೆ ಅದೊಂದರದೇ. ಎರವಲು ತಂದ ಬ್ಯಾಟರಿ ಜೋಡಿಸಿದೆವು. ಮೂವರೂ ಪರದೆಗಿಂತ ಹೆಚ್ಚು ಗೋಡೆಯ ಬಲ್ಬನ್ನೇ ನೋಡುತ್ತಿದ್ದೆವು. ಅಷ್ಟರಲ್ಲಿ ಕಂಪ್ಯೂಟರು, ಡಿಸ್ಕಿನಲ್ಲಿರುವುದನ್ನು ಅಳಿಸಿ ಇದನ್ನು ಹಾಕಲೇ ಎಂದು ಇಂಗ್ಲಿಷಿನಲ್ಲಿ ಕೇಳಿತು. ನನ್ನ ಬೆರಳು ಅಲ್ಲೇ ನಿಂತಿತು.

“ಹೊಡೀರಿ ಸರ,” ಎಂದ ರಾಜಾರಾಮ. “ಅಳಸೂದು ಸಿ ಅಲ್ಲೇನ್ರಿ? ನಂದೆಲ್ಲಾ ಡಿ ಒಳಗ ಐತಿ.”

ಜೀವಮಾನದಲ್ಲಿ ಅವನು ಅಂಜದೆ ಆಡಿದ ಮಾತು ಅದೊಂದೇ. ನಾನೂ ಹೌದೆಂದುಕೊಂಡು ಒತ್ತಿಬಿಟ್ಟೆ. ಕರೆಂಟು ಒಮ್ಮೆಯೂ ಹೋಗಲಿಲ್ಲ. ಮುಕ್ಕಾಲು ತಾಸಿನಲ್ಲಿ ಹೊಸ ಪರದೆ ತೆರೆದಾಗ ಶುಭಾಂಗಿ ಖುಷಿಯಿಂದ ಚಹಾಕ್ಕಿಟ್ಟಳು.

“ಡಿ ಎಲ್ಲೈತ್ರಿ ಸರ?” ಎಂದ ರಾಜಾರಾಮ.

“ಇದರಾಗ ಸಿ, ಡಿ ಅಂತ ಇರೂದಿಲ್ಲೋ. ಬ್ಯಾರೆ ಕಡೆ ಕುಂತಿರ್ತೈತಿ, ತಡಿ,” ಎಂದು ಒಂದೊಂದೇ ಫೋಲ್ಡರ್ ತೆರೆದೆ. ಎಲ್ಲವೂ ಖಾಲಿ. ಕೊನೆಗೆ ಡಿಸ್ಕಿನ ಅಳತೆ ನೋಡಿದೆ. ಪಾಲುಗಳೇ ಇರಲಿಲ್ಲ, ಇಡೀ ಡಿಸ್ಕು ಒಂದೇ ಆಗಿತ್ತು. ಸಿಯ ಜೊತೆಗೆ ಡಿಯೂ ಅಳಿದುಹೋಗಿತ್ತು. ನನ್ನ ಮುಖ ನೋಡಿಯೇ ಅವನಿಗೆ ತಿಳಿಯಿತು. ಚಹಾ ಹಾಗೇ ಆರಿಹೋಯಿತು.

ಮರುದಿನ ಅಥಣಿಯ ರಿಪೇರಿಯವನೊಬ್ಬನಿಗೆ ಡಿಸ್ಕು ಕೊಟ್ಟೆವು. ಅವನು ಮೂರು ದಿನ ಹುಡುಕಿದ. ಆ ಮೂರು ದಿನ ರಾಜಾರಾಮ ಅವನಿಗೆ ತಾಸಿಗೊಮ್ಮೆ ಫೋನು ಹಚ್ಚುತ್ತಿದ್ದ. ಹಾಜರಿ ಕೂಗುವಾಗ ನಡುವೆ ನಿಂತುಬಿಡುತ್ತಿದ್ದ. ಕಡೆಗೆ ಸಿಕ್ಕಿದ್ದು ಅಂಗಡಿಯವರು ಎಂದೋ ತುಂಬಿದ್ದ ಏಳು ಸಿನಿಮಾ ಹಾಡು, ಹಳೆಯ ವಿಂಡೋಸಿನ ಪರದೆಯ ಹಸಿರು ಗುಡ್ಡದ ಚಿತ್ರ. ರಾಜಾರಾಮ ನನ್ನನ್ನು ಬೈಯಲೇ ಇಲ್ಲ. “ಡಿ ಒಳಗ ಐತಿ ಅಂದಾಂವ ನಾನ ಅಲ್ಲೇನ್ರಿ?” ಎಂದ, ಅಷ್ಟೇ. ಬೈದಿದ್ದರೆ ನನಗೆ ಹಗುರಾಗುತ್ತಿತ್ತು. ಏಳು ವರ್ಷದ ಅವನ ರವಿವಾರಗಳನ್ನು ನಾನು ಒಂದು ಬೆರಳಿನಿಂದ ಅಳಿಸಿದ್ದೆ.

ಮುಂದಿನ ರವಿವಾರ ಅವನು ಹೊಸ ವಹಿ ಕೊಂಡ. ನಾನೂ ಜೊತೆಗೆ ಹೋದೆ. ಉಗಾರ ಖುರ್ದದಲ್ಲಿ ಅವನ ಸೋದರತ್ತೆ ಸಕ್ಕುಬಾಯಿ ಇದ್ದಾಳೆ, ತೊಂಬತ್ತರ ಹತ್ತಿರದವಳು. ಮೊಟ್ಟಮೊದಲು ಹೆಸರು ಹೇಳಿದವಳು ಅವಳೇ.

“ಆತ್ಯಾ, ನಮ್ಮ ಹಿರ್ಯಾರ ಹೆಸರ ಇನ್ನೊಮ್ಮಿ ಹೇಳು,” ಎಂದ.

“ಆವತ್ತ ಹೇಳಿನೆಲ್ಲೋ? ಮೂರ ದಿನಾ ಕುಂತ ಬರಕೊಂಡಿ.”

“ಬರದದ್ದು ಹೋತ ಆತ್ಯಾ.”

ಮುದುಕಿ ಅವನ ಕೈಯಲ್ಲಿದ್ದ ಖಾಲಿ ವಹಿಯನ್ನು ನೋಡಿದಳು. “ಮೊದಲೆಲ್ಲಾ ದಿನಾ ಮುಂಜಾನೆದ್ದ ಬಾಯಾಗ ಅಂದಕೋತಿದ್ದೆ, ಮರತ ಗಿರತೇನಿ ಅಂತ. ನೀ ಬರಕೊಂಡ ಮ್ಯಾಲ ಅನ್ನೂದ ಬಿಟ್ಟೆ. ನಿನ್ನ ಹಂತ್ಯಾಕ ಐತಿ ಅಂತ ನಿಶ್ಚಿಂತಿ ಆಗಿದ್ದೆನಪಾ.”

ಕಣ್ಣು ಮುಚ್ಚಿ ತುಟಿ ಅಲುಗಿಸಿದಳು. ಅಪ್ಪನ ಹೆಸರು ಬಂತು, ಅಜ್ಜನ ಹೆಸರು ಬಂತು. ಆಮೇಲೆ ನಿಂತಳು.

“ಮುಂದಿಂದ ನೀನ ಹೇಳಪಾ ರಾಜಾ. ನಮ್ಮಜ್ಜನ ಅಪ್ಪನ ಹೆಸರ ಏನ ಹೇಳಿದ್ದೆ ನಾ?”

ರಾಜಾರಾಮ ವಹಿಯಲ್ಲಿ ಎರಡನೆಯ ಹೆಸರಿನ ಕೆಳಗೆ ಪೆನ್ನು ಊರಿಕೊಂಡು ಕೂತಿದ್ದ. ಅವಳು ಅವನ ಬಾಯನ್ನೇ ನೋಡುತ್ತಿದ್ದಳು.