ಟೇಪು ಟೈಲರನ ಟ್ರಯಲ್ ಕನ್ನಡಿ

ನನ್ನ ಗಾಜಿನಂಗಡಿಯ ಮಹಡಿಯ ಮೇಲಿರುವ ಟೈಲರಿಗೆ ಬೀದಿಯವರು ಇಟ್ಟ ಹೆಸರು ಟೇಪು. ಅಳತೆಯ ಟೇಪು ಅವನ ಕೊರಳಿಂದ ಇಳಿದದ್ದನ್ನು ಕಂಡವರಿಲ್ಲ. ಹೆಂಡತಿಯನ್ನು ಕೇಳಿದರೆ, "ಮಲಗಿದಾಗ್ಲೂ ಇರುತ್ತೆ, ಕನಸಿಗೂ ಅಳತೆ ಬೇಕಲ್ಲ" ಎನ್ನುತ್ತಾಳೆ.

ಅವನ ತಮ್ಮ ಹೊಲಿಗೆ ಕಲಿಯದೆ ವಾದ್ಯತಂಡ ಸೇರಿದ. ಅಣ್ಣನಿಗೆ ಅದು ನುಂಗಲಾರದ ತುತ್ತಾಯಿತು, ಮಾತು ನಿಂತುಹೋಯಿತು. ಇಬ್ಬರನ್ನೂ ಮತ್ತೆ ಒಂದು ಕೋಣೆಗೆ ತಂದದ್ದು ಕಂಪ್ಯೂಟರ್ ಆಟ. ತಂಡದವರು ಸಂಗೀತಕ್ಕೆ ಬಳಸುತ್ತಿದ್ದ ಮೂರು ಕಂಪ್ಯೂಟರ್‌ಗಳನ್ನು ತಮ್ಮ ಹೊತ್ತು ತಂದು, ಕೇಬಲ್ಲಿನಿಂದ ಬಳೆಯಂತೆ ಸುತ್ತ ಜೋಡಿಸಿದ. ಆಟದಲ್ಲಿ ಒಬ್ಬೊಬ್ಬರೂ ಒಂದೊಂದು ದುಂಡು ಮುಖ; ಗೋಡೆಗಳ ನಡುವಿನ ಸುತ್ತುದಾರಿಯಲ್ಲಿ ಒಂದನ್ನೊಂದು ಹುಡುಕಿ ಗುಂಡು ಹಾರಿಸಬೇಕು, ಯಾರು ಎಲ್ಲಿದ್ದಾರೆಂಬುದು ಅವರವರ ಪರದೆಗಷ್ಟೇ ಗೊತ್ತು. ಒಬ್ಬರು ಕೇಬಲ್ ಕಿತ್ತರೆ ಎಲ್ಲರ ಆಟವೂ ನಿಂತಂತೆಯೇ.

ಭಾನುವಾರ ಅಣ್ಣ, ತಮ್ಮ, ಅತ್ತಿಗೆ ಮೂವರೂ ಕೂತರೆ ಕೆಳಗೆ ನನ್ನ ಗಾಜುಗಳು ನಡುಗುತ್ತಿದ್ದವು. ಟೇಪುಗೆ ಆಟ ಒಂದು ನೆಪ. ತಮ್ಮ ಬರುತ್ತಾನೆಂದು ಶನಿವಾರವೇ ಕೋಣೆ ಗುಡಿಸಿಡುತ್ತಿದ್ದ.

ತೊಂದರೆ ಶುರುವಾದದ್ದು ಟೇಪು ಗೆಲ್ಲತೊಡಗಿದಾಗ. ತಮ್ಮ ಎಲ್ಲಿ ಅಡಗಿದರೂ ಬೆನ್ನ ಹಿಂದೆ ಹಾಜರು.

ಕಿಟಕಿಯ ಗಾಜು ಅಳೆಯಲು ನಾನು ಮೇಲೆ ಹೋಗಿದ್ದ ದಿನ ಜಗಳ ಸ್ಫೋಟಿಸಿತು.

"ಅಣ್ಣಾ, ಇದು ಮೋಸ!"

"ಸೋತೋನಿಗೆ ಎಲ್ಲಾ ಮೋಸಾನೇ ಕಣೋ."

"ಅಯ್ಯೋ ಬಿಡಪ್ಪಾ," ಎಂದಳು ಅತ್ತಿಗೆ, "ಸೂಜಿಗೆ ದಾರ ಪೋಣಿಸೋಕೂ ನನ್ನೇ ಕರೀತಾರೆ, ಇವರೆಲ್ಲಿ ಮೋಸ ಮಾಡ್ತಾರೆ?"

ತಮ್ಮ ಕೇಬಲ್ ಕಿತ್ತ. ಮೂರೂ ಪರದೆಗಳು ಅಲ್ಲಲ್ಲೇ ನಿಂತವು. "ಇನ್ನು ಈ ಮೆಟ್ಟಿಲು ಹತ್ತಿದ್ರೆ ಕೇಳು" ಎಂದು ದಡದಡ ಇಳಿದುಹೋದ.

ಟೇಪುವಿನ ಮುಖ ಬಿಳಿಚಿಕೊಂಡಿತ್ತು. "ನಾನೇನೂ ಮಾಡಿಲ್ಲ ಸಾಹುಕಾರ್ರೇ. ಅವನೆಲ್ಲಿದ್ದಾನೆ ಅಂತ ಹಂಗೇ ಗೊತ್ತಾಗ್ಬಿಡುತ್ತೆ."

ಹಂಗೇ ಗೊತ್ತಾಗುವ ಸರಕು ನನ್ನ ವ್ಯಾಪಾರದಲ್ಲಿ ಎಂದೂ ಸಿಕ್ಕಿಲ್ಲ. ಅವನನ್ನು ಎಬ್ಬಿಸಿ ಅವನ ಕುರ್ಚಿಯಲ್ಲಿ ಕೂತೆ. ಎದುರಿಗೆ ತಮ್ಮನ ಕುರ್ಚಿ. ಅದರ ಹಿಂದೆ, ಗಿರಾಕಿಗಳು ಬಟ್ಟೆ ತೊಟ್ಟು ನೋಡಿಕೊಳ್ಳಲೆಂದು ನಾನೇ ಮಾರಿದ ಆಳೆತ್ತರದ ಟ್ರಯಲ್ ಕನ್ನಡಿ. ಅದರೊಳಗೆ ತಮ್ಮನ ಪರದೆ, ಎಡಬಲ ಅದಲುಬದಲಾಗಿ. ನನಗಾದರೆ ಯಾವುದು ಎಡವೆಂದು ತಿಳಿಯುವಷ್ಟರಲ್ಲಿ ಊಟದ ಹೊತ್ತಾಗುತ್ತಿತ್ತು. ಟೇಪುವೋ, ಗಿರಾಕಿಯ ಬೆನ್ನ ಹಿಂದೆ ನಿಂತು ಕನ್ನಡಿ ನೋಡಿಕೊಂಡೇ ಕಾಲರಿಗೆ ಪಿನ್ನು ಚುಚ್ಚಿ ಮುದುಕನಾಗುತ್ತಿರುವವನು. ಕನ್ನಡಿ ನೋಡುತ್ತಿದ್ದೇನೆಂಬ ನೆನಪೇ ಅವನಿಗಿಲ್ಲ.

"ಇಲ್ಲಿ ಕೂತು ಎದುರಿಗೆ ನೋಡಯ್ಯಾ," ಎಂದೆ.

ನೋಡಿದ. ಎದ್ದುಹೋಗಿ ಕನ್ನಡಿಯ ಒಂದು ತುದಿಗೆ ಕೈಹಾಕಿ, "ಒಂದು ಕಡೆ ಹಿಡೀರಿ" ಎಂದ.

ಕನ್ನಡಿ ಕಳಚಿ, ಹಿಂದಿನ ಬೀದಿಯ ತಮ್ಮನ ಮನೆಯವರೆಗೆ ಇಬ್ಬರೂ ಹೊತ್ತೆವು. ತಮ್ಮ ಬಾಗಿಲು ತೆರೆದು, "ಇದೇನಣ್ಣಾ?" ಎಂದ.

"ನೀನು ಹೇಳಿದ ಮೋಸ. ನಿನ್ನ ಹತ್ರಾನೇ ಇಟ್ಕೋ. ಭಾನುವಾರ ಬಾ."

ತಮ್ಮ ಬಂದ, ಈಗಲೂ ಬರುತ್ತಾನೆ. ಟೇಪು ಪ್ರತಿ ಆಟದಲ್ಲೂ ಮೊದಲು ಸಾಯುತ್ತಾನೆ. ಅವನ ಗಿರಾಕಿಗಳು ಹೊಸ ಪ್ಯಾಂಟು ತೊಟ್ಟು, ನೋಡಿಕೊಳ್ಳಲು ಕೆಳಗೆ ನನ್ನ ಅಂಗಡಿಗೆ ಇಳಿಯುತ್ತಾರೆ; ಕೆಲವರು ದುಡ್ಡು ಕೊಟ್ಟು ಕನ್ನಡಿಯನ್ನೂ ಕೊಂಡುಕೊಳ್ಳುತ್ತಾರೆ. ಅವನು ಹೀಗೇ ಸೋಲುತ್ತಿದ್ದರೆ ನನ್ನ ತಕರಾರೇನೂ ಇಲ್ಲ.